ಎರಡು ಕಾಮಾಗಳ ನಡುವಿನ ಸೋದರಮಾವ

ಓದು ತಲೆಗೆ ಹತ್ತಿದವರನ್ನು ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಆ ಓದನ್ನು ಮನೆಯ ಮೇಲೆಯೇ ಪ್ರಯೋಗಿಸಿದಾಗ ಕಷ್ಟ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ತುಂಬಿದ ಬಸ್ಸಿನಲ್ಲಿ ನಿಂತೇ ಓದಿ ಎಂ.ಎ. ಇಂಗ್ಲಿಷ್ ಮುಗಿಸಿದವಳು, ಈಗ ಶಹಾಪುರದ ಕಾಲೇಜೊಂದರಲ್ಲಿ ಕಾಮಾ ಎಲ್ಲಿ ಹಾಕಬೇಕೆಂದು ಕಲಿಸುತ್ತೇನೆ. ‘ಮೈ ಫಾದರ್, ಹೂ ಗ್ರೋಸ್ ಪ್ಯಾಡಿ, ಈಸ್ ಅಟ್ ಹೋಮ್’ ಎಂದು ಬೋರ್ಡಿನ ಮೇಲೆ ಬರೆದು, ನಡುವಿನದನ್ನು ಅಂಗೈಯಿಂದ ಮುಚ್ಚಿ, “ನೋಡ್ರಿ, ಭತ್ತ ತೆಗೆದ್ರೂ ಅಪ್ಪ ಮನ್ಯಾಗ ಅದಾನ. ತೆಗೆದ್ರೂ ನಡೆಯೂವಂಥದ್ದಕ್ಕ ಎರಡೂ ಕಡಿ ಕಾಮಾ” ಎನ್ನುತ್ತೇನೆ. ಮುಚ್ಚಿ ಮುಚ್ಚಿ ನನ್ನ ಅಂಗೈ ಸದಾ ಸೀಮೆಸುಣ್ಣದ ಬಣ್ಣ.

ತಂಗಿ ಭಾಗ್ಯಳ ಮದುವೆ ಗೊತ್ತಾಯಿತು. ಸುರಪುರದ ಬೀಗರು ತಮ್ಮ ಕಾರ್ಡನ್ನು ಇಂಗ್ಲಿಷಿನಲ್ಲಿ ಹಾಕಿಸಿದರೆಂದು ತಿಳಿದದ್ದೇ ಅಪ್ಪ, “ನಮ್ಮ ಮನ್ಯಾಗೂ ಇಂಗ್ಲಿಷ್ ಬರೋಕಿ ಅದಾಳ” ಎಂದು ನನ್ನನ್ನು ಕೂರಿಸಿಕೊಂಡು ಹೇಳಿ ಬರೆಸಿದ: “ನಮ್ಮ ಭಾಗ್ಯ, ವನದುರ್ಗ ಪಂಚಾಯ್ತಿ ಮಾಜಿ ಮೆಂಬರ್ ಬಸಣ್ಣನ ಅಕ್ಕನ ಮಗಳು…” ನಾನು ಮನಸ್ಸಿನಲ್ಲೇ ಅಂಗೈ ಇಟ್ಟು ನೋಡಿದೆ. ಬಸಣ್ಣ ಮಾವನನ್ನು ತೆಗೆದರೂ ಭಾಗ್ಯಳ ಮದುವೆ ಅದೇ ದಿನ, ಅದೇ ಮಂಟಪದಲ್ಲಿ. ತೆಗೆದೆ.

ನಮ್ಮಲ್ಲಿ ಮೊದಲ ಕಾರ್ಡು ಸೋದರಮಾವನಿಗೆ. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನೂ ಅವನೇ. ಅವನು ಬಾರದೆ ಹುಡುಗಿ ಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ. ಮಾವನ ಮಗಳು ಕಾರ್ಡನ್ನು ಹಿಂದುಮುಂದು ಓದಿ, ತನ್ನಪ್ಪನ ಹೆಸರೇ ಇಲ್ಲವೆಂದಳಂತೆ. ಮಾವ ಅವ್ವನಿಗೆ ಫೋನು ಮಾಡಿ, “ಅಕ್ಕಾ, ನಾ ಬರಂಗಿಲ್ಲ. ಕಾರ್ಡ್ ಬರದಾಕಿನೇ ಹುಡುಗೀನ ಕರಕೊಂಡು ಬರಲಿ” ಎಂದ. ಭಾಗ್ಯ ಅಳತೊಡಗಿದಳು. ಅವ್ವ ನನ್ನನ್ನು ನೋಡಿದ ನೋಟಕ್ಕೆ ನಾನು ಕಲಿತ ಯಾವ ಚಿಹ್ನೆಯೂ ಸಾಲದು.

ನಾನೇ ವನದುರ್ಗಕ್ಕೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಮಾವ ನನ್ನನ್ನು ಕಂಡು ಊರ ಕೋಟೆಯ ಕಡೆಗೆ ಮುಖ ತಿರುಗಿಸಿದ. ನಿಯಮ ವಿವರಿಸಿದೆ, ಅಂಗೈ ಸಹಿತ.

“ವಾಕ್ಯಕ್ಕ ನಾ ಬೇಕಾಗಿಲ್ಲ, ತಿಳೀತು. ಮದುವಿಗೆ ಬೇಕೋ ಬ್ಯಾಡೋ?”

“ಬೇಕು ಮಾವ. ನೀ ಬರಲಿಲ್ಲಂದ್ರ ಭಾಗ್ಯ ಕೂತಲ್ಲಿಂದ ಏಳಂಗಿಲ್ಲ.”

“ಹಂಗಂದ್ರ ಮಂಟಪದ ಬಾಗಲದಾಗ ಫ್ಲೆಕ್ಸ್ ಹಾಕಸು. ನನ್ನ ಫೋಟೋ. ಕೆಳಗ ಮಾಜಿ ಮೆಂಬರ್ ಅಂತ ಬರಸು.”

“ಮಾಜಿ ಅನ್ನೋದು ತೆಗೀಲೇನು ಮಾವ? ಬರೇ ಮೆಂಬರ್ ಅಂದ್ರ ಚಲೋ ಕಾಣ್ತದ.”

“ನಿಮ್ಮ ಕಾಲೇಜಿನಾಗ ಬರೇ ತೆಗಿಯೋದೇ ಕಲಿಸ್ತಾರೇನವ್ವ?” ಎಂದು ಮಾವ ನಕ್ಕುಬಿಟ್ಟ. ಒಳಗಿನಿಂದ ಅತ್ತೆ ಚಹಾ ತಂದಳು.

ಮಾವ ಬಂದ. ಕಣ್ಣೊರೆಸಿಕೊಳ್ಳುತ್ತಲೇ ಭಾಗ್ಯಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ಫ್ಲೆಕ್ಸಿನಲ್ಲಿ ಅವನ ಮುಖ ಮದುಮಗನ ಮುಖಕ್ಕಿಂತ ತುಸು ದೊಡ್ಡದೇ ಇತ್ತು. ಬೀಗರು ಏನೂ ಅನ್ನಲಿಲ್ಲ. ಅವರ ಫ್ಲೆಕ್ಸಿನಲ್ಲೂ ಒಬ್ಬ ಮಾವನಿದ್ದ.

ಒಂದು ಸಂಗತಿ ಮಾತ್ರ ನಾನು ಮನೆಯಲ್ಲಿ ಹೇಳಿಲ್ಲ. ಮದುವೆಯ ಹಿಂದಿನ ದಿನ ಶಹಾಪುರದ ಅಂಗಡಿಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಫ್ಲೆಕ್ಸಿನ ನಮೂನೆ ನೋಡುತ್ತಿದ್ದೆ. ಕೆಳಸಾಲಿನಲ್ಲಿ, ಸ್ವಾಗತ ಕೋರುವವರ ಗುಂಪಿನಲ್ಲಿ, ನನ್ನ ಹೆಸರು ಬರೀ ‘ಮಲ್ಲಮ್ಮ’ ಎಂದಿತ್ತು.

“ಎಂ.ಎ. ಇಂಗ್ಲಿಷ್ ಅಂತ ಹಾಕ್ರಿ” ಎಂದೆ.

“ಜಾಗ ಇಲ್ರಿ ಮೇಡಂ” ಎಂದ ಅಂಗಡಿಯವನು. “ಅದು ಇಲ್ಲಂದ್ರೂ ನೀವೇ ಅಂತ ಗೊತ್ತಾಗ್ತದಲ್ರಿ.”

ಎಷ್ಟು ಸರಿಯಾಗಿ ಹೇಳಿದ. ನನ್ನ ವಿದ್ಯಾರ್ಥಿಗಳಿಗೇ ಈ ಪಾಠ ಇಷ್ಟು ಬೇಗ ತಲೆಗೆ ಹೋದದ್ದಿಲ್ಲ.

“ಗೊತ್ತಾಗ್ತದ್ರಿ” ಎಂದೆ. “ಆದ್ರೂ ಹಾಕ್ರಿ. ಜಾಗ ಬೇಕಂದ್ರ ಮಾವನ ಮೀಸಿ ಒಂಚೂರು ಕತ್ತರಸ್ರಿ.”