ಸರ್ವಿಸುಗಳಿಗೆ ಮನೆ ಕೇಳುವ ಭಾವ

ಕಂಪ್ಯೂಟರಿಗೂ ‘ನಿನ್ನ ಮನೆ ಎಲ್ಲಿ’ ಎಂದು ಕೇಳುವವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಕಲ್ಲುಗುಂಡಿಗೆ ಬನ್ನಿ, ನನ್ನ ಭಾವನನ್ನು, ಅಂದರೆ ಅಕ್ಕನ ಗಂಡನನ್ನು ತೋರಿಸುತ್ತೇನೆ.

ಬಸ್ಸಿನಲ್ಲಿ ಪಕ್ಕ ಕೂತವರನ್ನು ಮನೆ ಎಲ್ಲಿ, ಯಾರ ಪೈಕಿ ಎಂದು ಕೇಳದೆ ಬಿಡುವವರಲ್ಲ ಅವರು. ಕಂಪ್ಯೂಟರ್ ಬಂದ ಮೇಲೆ ಅದರೊಳಗೆ ತೆರೆಮರೆಯಲ್ಲಿ ದುಡಿಯುವ ಸರ್ವಿಸುಗಳಿಗೂ ಅದೇ ವಿಚಾರಣೆ. ಪಟ್ಟಿ ತೆರೆದು ಒಂದೊಂದರ ವಿವರಣೆ ಓದುವುದು; ವಿವರಣೆ ಇಲ್ಲದವನು, ಇದ್ದೂ ಅರ್ಥವಾಗದವನು ಹೊರಗೆ. ಒಮ್ಮೆ ಪ್ರಿಂಟರಿನ ಸರ್ವಿಸನ್ನೇ ನಿಲ್ಲಿಸಿದ್ದರು.

“ಎಂತಕ್ಕೆ ಭಾವ?” ಎಂದೆ.

“ನಾವು ಪ್ರಿಂಟ್ ತೆಗೆಯುದು ತಿಂಗಳಿಗೊಮ್ಮೆ. ಅವ ದಿನಾ ಬಂದು ಕೂತುಕೊಳ್ಳುದು ಎಂತಕ್ಕೆ ಮಾರಾಯ?”

ಧ್ವನಿಯ ಸರ್ವಿಸಿಗೂ ಅದೇ ಗತಿಯಾಗಿ, ಅವರ ಮಗಳ ಮದುವೆಯ ವಿಡಿಯೊವನ್ನು ನಾವೆಲ್ಲ ವಾಲಗವಿಲ್ಲದೆ ನೋಡಿದೆವು. ಕಳೆದ ವರ್ಷ ದರ್ಬೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು, ಹೊಸ ಸರ್ವಿಸ್ ಇನ್‌ಸ್ಟಾಲ್ ಮಾಡುವುದನ್ನು ಕಲಿಸೆಂದು ಎರಡು ದಿನ ತಲೆ ತಿಂದರು. ಯಾಕೆಂದು ಕೇಳಿದರೆ “ಸುಮ್ಮನೆ” ಎಂದರು.

ಮೊನ್ನೆ ಬೆಳಿಗ್ಗೆ ಅಕ್ಕನ ಫೋನ್. ಒಂಬತ್ತು ವರ್ಷ ಮನೆಮನೆ ಅಲೆದು ಅವಳು ಕೂಡಿಸಿದ, ನಮ್ಮ ಕಡೆಯ ಆಡುನುಡಿ ಅರೆಭಾಷೆಯ ಪದಗಳ ಪುಸ್ತಕ ಅಂದು ಸಂಜೆ ಪ್ರೆಸ್ಸಿಗೆ ಹೋಗಬೇಕಿತ್ತು. ಸೇವ್ ಮಾಡುವಾಗ ಕರೆಂಟು ಹೋಗಿ ಈಗ ಫೈಲ್ ತೆರೆಯುತ್ತಿಲ್ಲ. ಅಂಗಡಿ ಮುಚ್ಚಿ ಓಡಿದೆ. ದಾರಿಯುದ್ದಕ್ಕೂ ಒಂದೇ ಧೈರ್ಯ: ಫೈಲಿನ ಪ್ರತಿ ತೆಗೆದಿಡುವ ಸರ್ವಿಸೊಂದನ್ನು ನಾನೇ ಹಾಕಿಕೊಟ್ಟಿದ್ದೆ.

ನೋಡಿದರೆ ಅದನ್ನೂ ನಿಲ್ಲಿಸಿದ್ದಾರೆ! ಕೊನೆಯ ಪ್ರತಿ ಕಳೆದ ವರ್ಷದ್ದು. ಭಾವ ಅರಂತೋಡಿಗೆ ಹೋಗಿದ್ದರು, ಅವರ ಫೋನ್ ಮೇಜಿನ ಮೇಲೇ ಇತ್ತು. ಎಂದೂ ಬಾರದಷ್ಟು ಸಿಟ್ಟು ಬಂತು ನನಗೆ. ಅಕ್ಕ ಕುರ್ಚಿಯ ಹಿಂದೆ ನಿಂತೇ ಇದ್ದಳು.

“ಪದ ಹೇಳಿಕೊಟ್ಟ ಅಜ್ಜಿಯಂದಿರಲ್ಲಿ ಅರ್ಧ ಜನ ಈಗ ಇಲ್ಲ,” ಎಂದಳು.

ನಾನು ಸರ್ವಿಸುಗಳ ಪಟ್ಟಿಯನ್ನು ಕೆಳಗಿನವರೆಗೂ ನೋಡುತ್ತ ಹೋದೆ. ಗುರುತಿಲ್ಲದ ಒಂದು ಸರ್ವಿಸ್ ನಡೆಯುತ್ತಿತ್ತು. ಅದರ ಮುಂದೆ ಕನ್ನಡದಲ್ಲೇ ವಿವರಣೆ: ‘ಇವ ನಮ್ಮ ಮನೆಯವ. ಅವಳ ಪುಸ್ತಕ ಕಾಯುದು ಇವನ ಕೆಲಸ. ಯಾರೂ ನಿಲ್ಲಿಸಬಾರದು.’

ಅದು ಪ್ರತಿಗಳನ್ನಿಡುವ ಜಾಗ ಹುಡುಕಿದೆ. ಹಿಂದಿನ ಸಂಜೆಯದು ಅಲ್ಲಿತ್ತು, ಕೊನೆಯ ಪುಟದವರೆಗೆ.

ಮಧ್ಯಾಹ್ನ ಭಾವ ಬಂದರು. ನನ್ನ ಸರ್ವಿಸನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ.

“ನಿನ್ನವ ವಾರಕ್ಕೊಮ್ಮೆ ಬರುದು. ಅವಳು ದಿನಾ ಬರೀತಾಳಲ್ಲ,” ಎಂದು ಚೀಲ ಇಟ್ಟು ಒಳಗೆ ಹೋದರು.

ಪುಸ್ತಕ ಎಲ್ಲಿಯವರೆಗೆ ಬಂತೆಂದು ಒಮ್ಮೆಯೂ ಕೇಳದ ಗಂಡ ಎಂದು ಅಕ್ಕ ನನ್ನ ಬಳಿ ಎಷ್ಟೋ ಸಲ ದೂರಿದ್ದಳು. ಈಗ ಪರದೆಯ ಮೇಲಿನ ಆ ಮೂರು ವಾಕ್ಯಗಳನ್ನು ಮತ್ತೆ ಮತ್ತೆ ಓದಿ ಕಣ್ಣೊರೆಸಿಕೊಂಡಳು.

“ಇದನ್ನು ಪುಸ್ತಕದ ಮೊದಲ ಪುಟಕ್ಕೆ ಹಾಕ್ಲಿಕ್ಕೆ ಆಗ್ತದಾ?” ಎಂದು ಕೇಳಿದಳು.