ಗೌಡರ ಓಣಿಯಲ್ಲಿ ಉಡಚವ್ವನ ಸವಾರಿ

ಸಾಲಿ ಮಾಸ್ತರ ರಾಜರತ್ನನ ಸೆಕೆಂಡ್‌ಹ್ಯಾಂಡ್ ಕಾರು ಬೆಳಗಾಗೆದ್ದು 'ಕುಂಯ್ಯ್' ಎನ್ನತೊಡಗಿತು. ಆಕ್ಸಿಲರೇಟರ್ ತುಳಿದಷ್ಟೂ ರಾಗ ಏರುತ್ತಿತ್ತು, ವೇದಿಕೆಗೆ ಹೆಸರು ಕರೆಯದೆ ಬಿಟ್ಟ ಪುಢಾರಿಯ ಹಾಗೆ.

ಇಂದೇ ಬೇಕಿತ್ತೇ ಇದಕ್ಕೆ? ತಾಯಿ ಉಡಚವ್ವ ಇಳಕಲ್ ಸೀರೆಯುಟ್ಟು ಆರು ಗಂಟೆಗೇ ಹಿಂದಿನ ಸೀಟು ಹಿಡಿದಿದ್ದಳು. ಹೆಬ್ಬಳ್ಳಿಯ ಆಚೆ ಅವಳ ತವರು. ಅಲ್ಲಿಯ ಗೌಡರ ಓಣಿಯನ್ನು ಅವಳಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ದಾಟಬೇಕಿತ್ತು. ಅದೇ ಓಣಿಯಲ್ಲಿ ಮಗನ ಕಾರಿನಲ್ಲಿ ಹೋಗಬೇಕು, ಕಟ್ಟೆಯ ಮೇಲಿನವರೆಲ್ಲ ತಿರುಗಿ ನೋಡಬೇಕು: ಎಪ್ಪತ್ತು ದಾಟಿದವಳಿಗೆ ಉಳಿದಿದ್ದ ಆಸೆ ಅದೊಂದೇ.

"ಒದರಿದ್ರ ಒದರ್ಲಿ ಬಿಡೋ, ನಡಿ," ಎಂದಳು.

"ಇಂಥಾ ಗಾಡಿ ತಗೊಂಡು ಹೋದ್ರ ಮರ್ಯಾದಿ ಏನ್ ಉಳಿತೈತಿ ಯವ್ವಾ?" ಎಂದ ರಾಜರತ್ನ ಬಾನೆಟ್ ಎತ್ತಿದ.

ಎತ್ತಿದ್ದೇ ತಡ, ಅವರ ಮನೆಯಿದ್ದ ಮಾಳಮಡ್ಡಿಯ ಓಣಿಯೆಲ್ಲ ಜ್ವರ ಬಂದ ಕೂಸನ್ನು ನೋಡಲು ಬಂದಂತೆ ನೆರೆಯಿತು. ಒಳಗೆ ಬೆಕ್ಕಿನ ಮರಿ ಸಿಕ್ಕಿದೆಯೆಂದು ಕಾಶೀಬಾಯಿ ಬಟ್ಟಲಲ್ಲಿ ಹಾಲು ತಂದಿಟ್ಟಳು. ರಿಟೈರ್ಡ್ ಹೆಡ್‌ಕ್ಲಾರ್ಕ್ ಹನಮೇಶ, ಗೇರ್‌ಬಾಕ್ಸೇ ಹೋಯಿತೆಂದು ತೀರ್ಪು ಕೊಟ್ಟ. ಅದೆಲ್ಲಿದೆಯೆಂದು ಕೇಳಿದರೆ ಹೆಡ್‌ಲೈಟ್ ತೋರಿಸಿದ. ಯಾರೋ ಇಂಜಿನ್ನಿನ ಬೆಲ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಕುಂಯ್ಯ್ ಎನ್ನುತ್ತಿದ್ದ ಕಾರು ಕಿರ್ರೋ ಎಂದು ಊಳಿಟ್ಟಿತು. ಹಾಲಿಗೆಂದು ನಿಜವಾಗಿಯೂ ಬಂದಿದ್ದ ಬೆಕ್ಕೊಂದು ಬೆದರಿ ಹನಮೇಶನ ಹೆಗಲೇರಿತು. ಇಷ್ಟಾದರೂ ಉಡಚವ್ವ ಸೀಟು ಬಿಟ್ಟಿಳಿಯಲಿಲ್ಲ.

ಅವಳ ಸಮೇತ ಕಾರು ಗ್ಯಾರೇಜು ಸೇರಿತು. ಮಕ್ತುಮಸಾಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚಿ, ಡಾಕ್ಟರರ ಹಾಗೆ ಕಣ್ಣು ಮುಚ್ಚಿದ. ಬೇರಿಂಗ್ ಹೋಗಿತ್ತು. ಬೆಲ್ಟಿನ ಎಣ್ಣೆ ಒರೆಸಿ, ಹೊಸ ಬೇರಿಂಗ್ ಹಾಕಿ, ಹಳೆಯದನ್ನು ರಿವಾಜಿನಂತೆ ಪೇಪರಿನಲ್ಲಿ ಸುತ್ತಿ ಉಡಚವ್ವನ ಕೈಗಿಟ್ಟ.

"ಇನ್ನ ನಿಮ್ಮ ಗಾಡಿ ಬಂದದ್ದು ನಾಯಿಗೂ ಗೊತ್ತಾಗಂಗಿಲ್ರಿ ಸರ."

ಖರೇ ಆಯಿತು. ಗೌಡರ ಓಣಿಯಲ್ಲಿ ಕಾರು ಬೆಣ್ಣೆಯ ಹಾಗೆ ಜಾರಿತು. ಕಟ್ಟೆಯವರು ರಸ್ತೆಗೆ ಬೆನ್ನು ಮಾಡಿ ಇಸ್ಪೀಟಿನಲ್ಲಿ ಮುಳುಗಿದ್ದರು. ಒಂದು ತಲೆಯೂ ತಿರುಗಲಿಲ್ಲ. ರಾಜರತ್ನನ ಕೈ ಹಾರ್ನಿನ ಮೇಲೆ ಹೋಯಿತು.

"ಹಾರ್ನ್ ಹೊಡಿಬ್ಯಾಡ," ಎಂದಳು ಉಡಚವ್ವ. "ಅದು ದಾರಿ ಬಿಡ್ರಿ ಅಂತ ಬೇಡಿದಂಗ ಆಗ್ತೈತಿ."

ಓಣಿ ಮುಗಿದೇಹೋಯಿತು. ಹಿಂದಿನ ಸೀಟಿನಿಂದ ಪೇಪರ್ ಬಿಚ್ಚುವ ಸದ್ದು ಬಂತು.

"ನಮ್ಮಪ್ಪನೂ ಹಿಂಗ ಸಪ್ಪಳಿಲ್ದ ಹೋಗ್ತಿದ್ದ. ಗಾಡಿ ಹೊಳ್ಳಿಸೋ."

ನಾಲ್ಕು ಗಂಟೆಗೆ ರಾಜರತ್ನ ಮತ್ತೆ ಅದೇ ಗ್ಯಾರೇಜಿನ ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತಿದ್ದ. ಮಕ್ತುಮಸಾಬ ಜೀವಮಾನದಲ್ಲೇ ಮೊದಲ ಸಲ ಛಲೋ ಬೇರಿಂಗ್ ಬಿಚ್ಚಿ ಕೆಟ್ಟದ್ದನ್ನು ಕೂರಿಸುತ್ತಿದ್ದ. ಉಡಚವ್ವ ಕಿಟಕಿಯಿಂದ ಕತ್ತು ಚಾಚಿದಳು.

"ಲಗೂ ಮಾಡೋ ತಮ್ಮಾ, ಕಟ್ಟಿ ಮ್ಯಾಲಿನವರು ಎದ್ದು ಹೋದಾರು. ಹಂಗ ಆ ಬೆಲ್ಟಿಗೆ ಒಂದೀಟು ಕೊಬ್ಬರಿ ಎಣ್ಣಿನೂ ಹಚ್ಚಿಬಿಡು."