ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹೌದೆಂದೆ

ಕನ್ನಡದಲ್ಲಿ ಯಾರು ಏನು ಕೇಳಿದರೂ ಇಲ್ಲವೆನ್ನಲು ನನಗೆ ಬರುವುದಿಲ್ಲ. ಇದೊಂದು ಗುಣವೆಂದೇ ಇಷ್ಟು ವರ್ಷ ತಿಳಿದಿದ್ದೆ. ರೋಗವೆಂದು ಗೊತ್ತಾದದ್ದು ಈಚೆಗೆ. ಕಾಸರಗೋಡಿನ ಕಡೆ ಕನ್ನಡ ಮಾಷ್ಟ್ರಾಗಿ ನಿವೃತ್ತನಾದವನಿಗೆ ಈ ರೋಗ ಅಂಟುವುದು ಕಷ್ಟವೇನಲ್ಲ. ಕಚೇರಿಗೆ ಹೋದರೆ ಮಲಯಾಳದ ಫಾರ್ಮು ಮುಂದೆ ಬರುತ್ತದೆ. ನಾನು ಅದನ್ನು ಹಿಂದಕ್ಕೆ ತಳ್ಳಿ, ಕನ್ನಡದ್ದು ಕೊಡಿ ಎಂದು ಕೌಂಟರಿನ ಮುಂದೆ ಬೇರುಬಿಟ್ಟು ನಿಲ್ಲುತ್ತೇನೆ. ಒಮ್ಮೆ ಮನೆ ತೆರಿಗೆಯ ರಶೀದಿಯಲ್ಲಿ ಹೆಸರು ತಿದ್ದಿಸಲು ಹೋಗಿ ಹೀಗೆ ಮಧ್ಯಾಹ್ನದವರೆಗೆ ನಿಂತಿದ್ದಾಗ, ಗುಮಾಸ್ತರೊಬ್ಬರು ಕಪಾಟಿನ ತಳದಿಂದ ಹಳದಿಗಟ್ಟಿದ ಕನ್ನಡ ಫಾರ್ಮೊಂದನ್ನು ತಂದುಕೊಟ್ಟರು. ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದವನು ಓದುವುದು ಹೇಗೆ? ಖಾಲಿ ಇದ್ದಲ್ಲೆಲ್ಲ ಸಹಿ ಹಾಕಿ ಕೊಟ್ಟೆ. ಅದು ನಾಯಿ ಸಾಕಲು ಅನುಮತಿ ಕೇಳುವ ಅರ್ಜಿ. ಕನ್ನಡದಲ್ಲಿ ಇರುವುದು ಇದೊಂದೇ ಎಂದು ಪಾಪ ಅವರು ಕೊಡುವಾಗಲೇ ಹೇಳಿದ್ದರಂತೆ. ಅನುಮತಿ ಬಂತು. ಮನೆಯಲ್ಲಿ ನಾಯಿ ಇರಲಿಲ್ಲ. ತೆರಿಗೆ ರಶೀದಿಯಲ್ಲಿ ನಾನು ಈಗಲೂ ಬೇರೆ ಯಾರೋ ಆಗಿದ್ದೇನೆ.

ನೆಕ್ರಾಜೆಯ ನಮ್ಮ ಮನೆಯಲ್ಲಿ ಇರುವುದು ಇಬ್ಬರೇ. ಮದುವೆಯಾಗದ ನಾನು, ಮತ್ತು ಭಾವ ತೀರಿಹೋದ ಮೇಲೆ ಬಂದು ಸೇರಿದ ನನ್ನ ಅಕ್ಕ ಸುಂದರಿ. ಅಕ್ಕನ ಗಂಟಲಿನಲ್ಲಿ ಗೆಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಸ್ವರ ಬೇಕಾದರೆ ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ಎಂದರು ಡಾಕ್ಟರು. ಫೋನಿನ ಸಣ್ಣ ಅಕ್ಷರ ಅಕ್ಕನಿಗೆ ಕಾಣುವುದಿಲ್ಲ. ಹಾಗಾಗಿ ನನ್ನ ಹಳೆಯ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ, ಆಪರೇಷನ್ನಿನ ಹಿಂದಿನ ವಾರವಿಡೀ ಅವಳನ್ನು ಅದರ ಮುಂದೆ ಕೂರಿಸಿದೆ. ನಮ್ಮ ಮನೆಮಾತು ತುಳು. ಅಕ್ಕ ಹೇಳಿದ್ದೆಲ್ಲ ತುಳುವಿನಲ್ಲೇ. ‘ಒಣಸ್‌ಗ್ ಬಲ’ ಎಂದು ಊಟಕ್ಕೆ ಕರೆಯುವುದು, ಗ್ಯಾಸ್ ಮುಗಿಯಿತು ಎನ್ನುವುದು, ಬೆನ್ನು ನೋಯುತ್ತದೆ ಎನ್ನುವುದು. ಅಗತ್ಯದ ಮಾತುಗಳು ಎರಡೇ ದಿನದಲ್ಲಿ ಮುಗಿದವು. ಉಳಿದ ದಿನವೆಲ್ಲ ಅವಳು ನನಗೆ ಬೈಗುಳ ಕೂಡಿಟ್ಟಳು. ಕೊನೆಗೆ ಎಲ್ಲವನ್ನೂ ಒಂದು ಸಲ ಕೇಳಿ, “ನನ್ನ ಸ್ವರ ಇಷ್ಟು ದೊರಗಾ? ನೀನು ಒಂದು ದಿನ ಹೇಳಲಿಲ್ಲವಲ್ಲ ಮಾರಾಯ” ಎಂದಳು. ನಾನು ಕೇಳಿದ ಅವಳ ಕೊನೆಯ ಕೆಲವು ಮಾತುಗಳಲ್ಲಿ ಅದೂ ಒಂದು. ಅದನ್ನು ರೆಕಾರ್ಡ್ ಮಾಡಿರಲಿಲ್ಲ.

ಆಪರೇಷನ್ ಆದ ಮೇಲೆ ಕಂಪ್ಯೂಟರೇ ಅಕ್ಕನ ಬಾಯಿ. ಪರದೆಯಲ್ಲಿ ಒಂದೊಂದು ಮಾತಿಗೂ ಒಂದೊಂದು ಗುಂಡಿ. ಬೇರೆ ಏನಾದರೂ ಹೇಳುವುದಿದ್ದರೆ ಸ್ಲೇಟು. ಆದರೆ ಆ ಕಂಪ್ಯೂಟರಿಗೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಅಕ್ಕ ಊಟದ ಗುಂಡಿ ಒತ್ತಿದರೆ ಅನ್ನ ಆರಿದ ಮೇಲೆ ಕರೆ ಬರುತ್ತಿತ್ತು. ಬೈಗುಳವಂತೂ ನಾನು ತಪ್ಪು ಮಾಡಿ, ಮರೆತು, ಚಾ ಕುಡಿಯುತ್ತಾ ಕುಳಿತಾಗ ಬರುತ್ತಿತ್ತು. ಕಾಸರಗೋಡಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಬ್ದುಲ್ಲನಲ್ಲಿ ಕೇಳಿದೆ. ಅವನಿಗೆ ಎಂಟನೆಯಲ್ಲಿ ನಾನೇ ಪಾಠ ಮಾಡಿದ್ದು.

“ವಿಂಡೋಸ್ ಅದಕ್ಕೆ ಭಾರ ಆಗ್ತಾ ಉಂಟು ಮಾಷ್ಟ್ರೇ. ಲಿನಕ್ಸ್ ಹಾಕುವ. ಹಗುರ ಉಂಟು, ಶಾಲೆಯಲ್ಲಿ ನೀವು ನೋಡಿದ್ದೇ. ಇಲ್ಲಿಗೆ ತನ್ನಿ, ಎರಡು ದಿನದಲ್ಲಿ ಕೊಡ್ತೇನೆ.”

“ಎರಡು ದಿನ ಅಕ್ಕನಿಗೆ ಬಾಯಿ ಇಲ್ಲದ ಹಾಗೆ ಆಗ್ತದಲ್ಲ.”

ಅವನು ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಟ್ಟ. “ಮೊದಲು ಅಕ್ಕನದ್ದು ಎಲ್ಲ ಬೇರೆ ಕಡೆ ತೆಗೆದಿಡಿ. ಮತ್ತೆ, ಎಲ್ಲ ಅಳಿಸುವುದಾ, ಹಳೆಯದರ ಪಕ್ಕದಲ್ಲಿ ಹಾಕುವುದಾ ಅಂತ ಕೇಳ್ತದೆ. ಪಕ್ಕದಲ್ಲಿ ಹೇಳಿ. ಇಂಗ್ಲಿಷಿನಲ್ಲೇ ಮಾಡಿ ಮಾಷ್ಟ್ರೇ, ಎಂತಾದರೂ ಆದರೆ ನಾನು ಫೋನಿನಲ್ಲಿ ಹೇಳ್ಬಹುದು.”

ಕೊನೆಯ ಮಾತೊಂದು ನನ್ನ ಎದೆಗೆ ನಾಟಿತು. ನನ್ನ ಶಿಷ್ಯ ನನಗೆ ಇಂಗ್ಲಿಷಿನಲ್ಲಿ ಮಾಡಿ ಎನ್ನುವುದೇ? ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಯೋಚಿಸುತ್ತಾ ಬಂದೆ. ಅವನು ಹೇಳಿದ ಉಳಿದ ಎರಡು ಮಾತು ಎಲ್ಲಿ ಇಳಿದುಹೋದವೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಶುರುಮಾಡಿದೆ. ಮೊದಲು ಬಂದದ್ದು ಭಾಷೆಗಳ ಪಟ್ಟಿ. ಅದರಲ್ಲಿ, ಯಾವ ಮನವಿಯನ್ನೂ ಕೊಡದೆ, ಯಾವ ಧರಣಿಗೂ ಕೂರದೆ, ‘ಕನ್ನಡ’ ಎಂದು ಇತ್ತು. ನಾನು ಅಕ್ಕನನ್ನು ಕೂಗಿ ಕರೆದೆ. ಅವಳು ಬಂದು ನೋಡಿ, ಸ್ಲೇಟಿನಲ್ಲಿ ‘ತುಳು ಉಂಟಾ?’ ಎಂದು ಬರೆದಳು. “ಅದೆಲ್ಲ ಇರುವುದಿಲ್ಲ ಅಕ್ಕ” ಎಂದೆ. ಪಟ್ಟಿಯನ್ನು ನೋಡಿ ಹೇಳಿದ್ದಲ್ಲ. ಅವಳು ಅಡಿಗೆಮನೆಗೆ ಹೋದಳು.

ಆಮೇಲೆ ಅದು ಒಂದೊಂದೇ ಕನ್ನಡದಲ್ಲಿ ಕೇಳುತ್ತಾ ಹೋಯಿತು. ಯಾವ ಊರು, ಯಾವ ಕೀಲಿಮಣೆ, ಹೆಸರೇನು. ಜೀವಮಾನದಲ್ಲಿ ಯಾವ ಕಚೇರಿಯೂ ನನ್ನನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲ. ಪ್ರತಿಯೊಂದನ್ನೂ ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿ ‘ಹೌದು’ ಒತ್ತಿದೆ. ಎರಡರಲ್ಲಿ ಒಂದನ್ನು ಆರಿಸಿ ಎಂದಲ್ಲಿ, ಮೊದಲು ಬರೆದಿದ್ದನ್ನೇ ಆರಿಸಿದೆ. ‘ಈ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ. ಮುಂದುವರಿಯಬೇಕೆ?’ ಎಂಬುದನ್ನೂ ಹಾಗೆಯೇ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಸ್ಪಷ್ಟವಾಗಿ ಓದಿದೆ. ಅಷ್ಟು ಚೆನ್ನಾಗಿ ಓದುತ್ತಿದ್ದವನಿಗೆ ಅರ್ಥದ ಕಡೆ ಗಮನ ಎಲ್ಲಿಂದ ಬರಬೇಕು? ಹೌದು ಎಂದೆ.

ಕಂಪ್ಯೂಟರ್ ನಿಜವಾಗಿಯೂ ಹಗುರವಾಯಿತು. ಅಂದು ನಾನು ಎಷ್ಟು ಸಂತೋಷದಲ್ಲಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಗಡಿಯಾರಕ್ಕೆ ಕನ್ನಡ ಅಂಕಿ ಹಾಕಿದೆ. ಅಕ್ಷರ ದುಂಡಗಿಲ್ಲವೆಂದು ಅಕ್ಷರ ಬದಲಾಯಿಸಿದೆ. ಪರದೆಗೆ ಗುಡ್ಡದ ಚಿತ್ರ, ಅದು ಬೇಡವೆಂದು ಸಮುದ್ರದ್ದು, ಕೊನೆಗೆ ಅಕ್ಕನ ಕಣ್ಣಿಗೆ ಒಳ್ಳೆಯದೆಂದು ಬರೀ ಹಸಿರು. ನಡುವಿನಲ್ಲಿ ಒಂದು ದೊಡ್ಡ ಗುಂಡಿ ಮಾಡಿ ‘ಅಕ್ಕ’ ಎಂದು ಬರೆದೆ. ಸ್ವರಗಳನ್ನು ತಂದು ಅದರೊಳಗೆ ಹಾಕುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಊಟದ ಹೊತ್ತಾಗಿ ಅಕ್ಕ ಸೀರೆಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ‘ಅಕ್ಕ’ ಎಂದಿದ್ದ ಗುಂಡಿ ನೋಡಿ ನಕ್ಕು, ಅದನ್ನು ಒತ್ತಿದಳು. ಖಾಲಿ. ಮತ್ತೆ ಒತ್ತಿದಳು. ನಾನು ಮೌಸನ್ನು ಅವಳ ಕೈಯಿಂದ ತೆಗೆದುಕೊಂಡು ಹುಡುಕತೊಡಗಿದೆ. ಹುಡುಕುತ್ತಿದ್ದಂತೆ, ಬೆಳಿಗ್ಗೆ ಗಟ್ಟಿಯಾಗಿ ಓದಿದ ಆ ವಾಕ್ಯ ನನ್ನದೇ ಸ್ವರದಲ್ಲಿ ಕಿವಿಗೆ ಕೇಳಿಸಿತು. ಅಕ್ಕ ಸ್ಲೇಟಿನಲ್ಲಿ ‘ಎಲ್ಲಿ?’ ಎಂದು ಬರೆದು ನನ್ನ ಮುಂದೆ ಹಿಡಿದಳು. ಹೋಯಿತು ಎಂದೆ. ಅವಳು ಅಳಲಿಲ್ಲ. ನನ್ನ ಊಟ ಬಡಿಸಿಟ್ಟು, ತಾನು ಉಣ್ಣದೆ ಒಳಗೆ ಹೋಗಿ ಮಲಗಿದಳು.

ಅಬ್ದುಲ್ಲ ನಾಲ್ಕು ದಿನ ಆ ಡಿಸ್ಕಿನ ಜೊತೆ ಗುದ್ದಾಡಿದ. ಕೊನೆಗೆ, “ಹೊಸತು ಅದರ ಮೇಲೆಯೇ ಕೂತದ್ದಲ್ಲವಾ ಮಾಷ್ಟ್ರೇ” ಎಂದ, ತಲೆ ಎತ್ತದೆ. ನಾನು ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ವಾರ ಕಳೆದ ಮೇಲೆ ಅಕ್ಕ ಮೈಕನ್ನು ನನ್ನ ಮುಂದೆ ತಂದಿಟ್ಟು ಸ್ಲೇಟು ಹಿಡಿದಳು. ಅವಳು ಬರೆದದ್ದನ್ನೆಲ್ಲ ನಾನು ಹೇಳಬೇಕು, ತುಳುವಿನಲ್ಲಿ. ಹಾಗಾಗಿ ಈಗ ಮಧ್ಯಾಹ್ನ ಅಕ್ಕ ಗುಂಡಿ ಒತ್ತಿದರೆ ನನ್ನನ್ನು ಊಟಕ್ಕೆ ಕರೆಯುವವನು ನಾನೇ. ಹೋಗಲು ತಡಮಾಡಿದರೆ ಬೈಯುವವನೂ ನಾನೇ. ಹಳೆಯ ಬೈಗುಳಗಳೆಲ್ಲ ಅವಳಿಗೆ ನೆನಪಿದ್ದವು. ಹೊಸತಾಗಿ ಒಂದನ್ನು ಸೇರಿಸಿದ್ದಾಳೆ: ‘ಕೇಳಿದ್ದು ಎಂತ ಅಂತ ನೋಡಿ ಹೌದು ಹೇಳು.’ ಅದನ್ನು ನಾನು ಮೊದಲ ಸಲ ಮೈಕಿಗೆ ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ‘ಇಷ್ಟು ಮೆಲ್ಲ ಬೈದರೆ ನಿನಗೆ ತಾಗುವುದಿಲ್ಲ’ ಎಂದು ಬರೆದಳು. ಅವಳು ಹೇಗೆ ಬೈಯುತ್ತಿದ್ದಳೋ ಹಾಗೆಯೇ ಹೇಳೋಣವೆಂದು ಕಣ್ಣು ಮುಚ್ಚಿ ಅವಳ ಸ್ವರವನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಸರಿಯಾಗಿ ಬರಲಿಲ್ಲ. ಆದರೆ ಆ ಸಲ ಬೈಗುಳ ಮಾತ್ರ ಎಷ್ಟು ಜೋರಾಗಿ, ಎಷ್ಟು ಮನಸ್ಸಿನಿಂದ ಬಂತೆಂದರೆ, ಅಕ್ಕ ತಲೆಯಾಡಿಸಿ, ಇನ್ನು ಸಾಕೆಂದು ಮೈಕನ್ನು ನನ್ನ ಕೈಯಿಂದ ತೆಗೆದಿಟ್ಟಳು.